ಎರಡು ಗಾಡಿ, ಎಂಟು ಬುಟ್ಟಿ, ಹಿರೇಕೆರೂರು

ಯಂತ್ರದ ಮೇಲಿನ ನಂಬಿಕೆಯೇ ಆಧುನಿಕ ನಾಗರಿಕತೆಯ ಅಡಿಪಾಯ. ನನ್ನ ಸ್ಕೂಟರಿಗೆ ಈ ಮಾತನ್ನು ಯಾರೂ ತಿಳಿಸಿಲ್ಲ. ಅದು ಸೋಮವಾರದಿಂದ ಗ್ಯಾರೇಜಿನಲ್ಲಿದೆ. ಆದ್ದರಿಂದಲೇ ಸವಣೂರಿನ ಎಲೆ ವ್ಯಾಪಾರಿ ರಜಾಕ್‌ಸಾಬರು ತಮ್ಮ ವಾಹನ ಪರೀಕ್ಷೆಗೆ ನನ್ನನ್ನು ಪಂಚನಾಗಿ ಕರೆದರು. "ಗಾಡಿ ಕೈಕೊಟ್ಟವ್ರಿಗೇ ಗಾಡಿ ಗುಣಾ ಗೊತ್ತಿರತೈತ್ರಿ ಮಾಸ್ತರ" ಎಂದರು.

ಸಂಗತಿ ಗಂಭೀರವಾದದ್ದೇ. ಹಿರೇಕೆರೂರಿನ ಅಂಗಡಿಯ ಈರಣ್ಣನವರು ಎರಡು ಸಲ ಬಾಡಿದ ವೀಳ್ಯದೆಲೆ ಕಂಡು, ಮೂರನೆಯ ಸಲವೂ ಹಾಗಾದರೆ ಬೇರೆಯವರಿಂದ ತರಿಸುವೆನೆಂದು ಹೇಳಿಬಿಟ್ಟಿದ್ದರು. ರಜಾಕ್‌ಸಾಬರ ಮನೆಯ ಪೆಟ್ರೋಲ್ ಗೂಡ್ಸ್ ಆಟೋ ಮುದಿಯಾಗಿ ದಾರಿಯಲ್ಲಿ ತಡಮಾಡುತ್ತದೆ, ಎಲೆ ಬಾಡುವುದು ಅದಕ್ಕೇ ಎಂಬುದು ಮನೆಯವರ ತೀರ್ಮಾನ. ಹೊಸದು ಕೊಳ್ಳಬೇಕು. ಹಳೆಯದನ್ನು ಓಡಿಸುವ ಅವರ ತಮ್ಮ ಮೌಲಾಸಾಬನಿಗೆ ಮತ್ತೆ ಪೆಟ್ರೋಲಿನದೇ ಬೇಕು. ರಜಾಕ್‌ಸಾಬರು ಹತ್ತಿಮತ್ತೂರಿನ ಬೀಗರ ಕರೆಂಟಿನ ಗಾಡಿಯನ್ನು ಒಂದು ದಿನಕ್ಕೆ ಕೇಳಿ ತಂದಿದ್ದರು.

ಬೆಳಿಗ್ಗೆ ಆರಕ್ಕೆ ಎರಡೂ ಗಾಡಿ ಹೊರಟವು. ಒಂದೊಂದರಲ್ಲಿ ನಾಲ್ಕು ಬುಟ್ಟಿ, ಕೆಳಗೆ ಒದ್ದೆ ಗೋಣಿ. ನಾನು ಕರೆಂಟಿನದರಲ್ಲಿ ರಜಾಕ್‌ಸಾಬರ ಪಕ್ಕ. ಸದ್ದೇ ಇಲ್ಲ, ಎಮ್ಮೆಗಳು ನಮ್ಮನ್ನು ವಾಹನವೆಂದು ಒಪ್ಪದೆ ರಸ್ತೆಯಲ್ಲೇ ನಿಂತವು. ಶಿಗ್ಗಾವಿಯಲ್ಲಿ ಚಹಾ ಹತ್ತು ರೂಪಾಯಿ, ಮಿರ್ಚಿ ಬಿಸಿ. ಅಲ್ಲಿಯ ತನಕ ಇಬ್ಬರೂ ಸಮಸಮ.

ಹಾನಗಲ್ಲು ಮುಟ್ಟಿದಾಗ ಬ್ಯಾಟರಿ ಶೇಕಡಾ ಮೂವತ್ತೈದಕ್ಕೆ ಇಳಿದಿತ್ತು. ಹಿರೇಕೆರೂರು ಇನ್ನೂ ಐವತ್ತು ಕಿಲೋಮೀಟರಿನಷ್ಟು ದೂರ. ಪರಿಚಯದ ಹಿಟ್ಟಿನ ಗಿರಣಿಯಲ್ಲಿ ಚಾರ್ಜಿಗೆ ಹಚ್ಚಿದೆವು. ಹತ್ತೇ ನಿಮಿಷಕ್ಕೆ ಕರೆಂಟು ಹೋಯಿತು.

ಮೌಲಾಸಾಬ ನಕ್ಕ. "ಭಾಯಿ, ಇಲ್ಲೇ ಒಂದ್ ಮನಿ ಬಾಡಿಗಿ ಹಿಡದ್ಬಿಡು. ನನ್ನ ಗಾಡಿ ಕೆಟ್ರ ಊರಿಗೊಬ್ಬ ಮಿಸ್ತ್ರಿ ಅದಾನ. ನಿಂದಕ್ಕ ಯಾರನ್ನ ಕರೀತಿ, ಲೈನ್‌ಮನ್‌ನ?"

ನಾನು ಮನಸ್ಸಿನಲ್ಲೇ ತೀರ್ಪು ಬರೆದು ಸಹಿ ಹಾಕಿದೆ. ನಮ್ಮ ನಾಲ್ಕು ಬುಟ್ಟಿಗಳನ್ನು ಮೌಲಾಸಾಬನ ಬುಟ್ಟಿಗಳ ಮೇಲೆ ಏರಿಸಿ, ಕರೆಂಟಿನ ಗಾಡಿಯನ್ನು ಗಿರಣಿಯಲ್ಲೇ ಬಿಟ್ಟು, ಮೂವರೂ ಪೆಟ್ರೋಲ್ ಗಾಡಿ ಹತ್ತಿದೆವು. ಪಂಚನ ಒಂದು ಕಾಲು ಹೊರಗಿತ್ತು. ಆ ಮುದಿ ಗಾಡಿ ಅಂದು ಒಂದು ಸಲವೂ ನಿಲ್ಲಲಿಲ್ಲ. ಹನ್ನೊಂದಕ್ಕೆ ಹಿರೇಕೆರೂರು.

ಈರಣ್ಣನವರು ಮೇಲಿನ ಬುಟ್ಟಿ ಬಿಚ್ಚಿ ಎಲೆ ಮಡಚಿ ನೋಡಿದರು. "ಅಡ್ಡಿಯಿಲ್ಲ." ಕೆಳಗಿನದಕ್ಕೆ ಕೈಹಾಕಿದವರು ಸರಕ್ಕನೆ ತೆಗೆದರು. "ಏನ್ರಿ ಸಾಬರ, ಎಲಿ ತಂದೀರೋ, ಪಲ್ಯಾ ಮಾಡಿ ತಂದೀರೋ?"

ಕೆಳಗಿನ ನಾಲ್ಕರಲ್ಲೂ ಎಲೆ ಕಪ್ಪಿಟ್ಟಿತ್ತು. ರಜಾಕ್‌ಸಾಬರು ಗಾಡಿಯ ತಗಡು ಮುಟ್ಟಿ ನೋಡಿದರು, ಸುಡುತ್ತಿತ್ತು. ಅದರ ಕೆಳಗೇ ಎಂಜಿನ್ನು.

"ದಪ್ಪನ್ ಗೋಣಿ ಹಾಸಿದ್ರಾತು ಬಿಡು," ಎಂದ ಮೌಲಾಸಾಬ, ಮೆಲ್ಲಗೆ.

"ಹಾಸೇ ತಂದೀವಲ್ಲೋ. ಒಣಗಿ ಹಪ್ಪಳ ಆಗೇತಿ ನೋಡು." ರಜಾಕ್‌ಸಾಬರು ಗೋಣಿಯನ್ನು ಮಡಚಿ ಬದಿಗಿಟ್ಟರು. "ಇಷ್ಟ ದಿನಾ ತಡಾ ಮಾಡ್ತೀ ಅಂತ ನಿನಗ ಬೈದೆ. ನಂದ ತಪ್ಪಾತು."

ದಾರಿಯುದ್ದಕ್ಕೂ ನಂಬಿಕೆಯ ಗಾಡಿ ಯಾವುದೆಂದು ವಾದಿಸಿದ್ದ ನಾವು, ಅದು ನಮ್ಮನ್ನು ಊರು ಮುಟ್ಟಿಸುತ್ತದೆಯೇ ಎಂದಷ್ಟೇ ನೋಡಿದ್ದೆವು. ನಮಗೆ ಬಾಡುವ ಭಯವಿರಲಿಲ್ಲ. ನಾನು ಬರೆದ ತೀರ್ಪನ್ನು ಸದ್ದಿಲ್ಲದೆ ಹರಿದುಹಾಕಿದೆ.

ಈರಣ್ಣನವರು ಮೇಲಿನ ನಾಲ್ಕು ಬುಟ್ಟಿ ಇಳಿಸಿಕೊಂಡರು. "ಇಂಥಾವು ತರೂದಾದ್ರ ಮುಂದಿನ ವಾರ ಬರ್ರಿ. ಪಲ್ಯಾ ನಮ್ಮ ಮನ್ಯಾಗ ಮಾಡ್ತಾರ."

ಮಧ್ಯಾಹ್ನ ಮೂರಕ್ಕೆ ಹಾನಗಲ್ಲಿಗೆ ಮರಳಿದಾಗ ಬ್ಯಾಟರಿ ತುಂಬಿತ್ತು. ಸಂಜೆಗೆ ಸವಣೂರು ಸೇರಿದೆವು.

ಮರುವಾರ ರಜಾಕ್‌ಸಾಬರು ಕರೆಂಟಿನ ಗಾಡಿ ಕೊಂಡರು. ಅದು ಹಾನಗಲ್ಲಿನ ತನಕ ಹೋಗುತ್ತದೆ. ಅಲ್ಲಿಂದ ಹಿರೇಕೆರೂರಿಗೆ ಬುಟ್ಟಿಗಳು ಬಸ್ಸಿನಲ್ಲಿ ಹೋಗುತ್ತವೆ.