ಅವ್ವನ ಆಣಿಯಿಲ್ಲದ ಸ್ಟೂಲು

ಮಂಡಿ ಕೈಕೊಟ್ಟ ಮೇಲೆ ಅವ್ವನಿಗೆ ಮಣೆ ಮೇಲೆ ಕೂತು ಪೂಜೆ ಮಾಡಲಾಗಲಿಲ್ಲ. ನಿಂತು ಮಾಡು ಅಂದರೆ ಒಪ್ಪಲಿಲ್ಲ. ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆ. "ಬಸ್ಸಿಗೆ ಕಾಯೋಳಂಗೆ ಸಾಮಿ ಮುಂದೆ ಕುಂತ್ಕಳ್ಳಾ?" ಅಂದಳು. ಮರದ್ದೇ ಆಗಬೇಕು, ಅದರಲ್ಲಿ ಆಣಿ ಇರಕೂಡದು. ದೇವರ ಮುಂದೆ ಕೂರುವ ಮರದಲ್ಲಿ ಕಬ್ಬಿಣ ಉಳಿಯಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಹಾಗಾದರೆ ಉಳಿ, ಗರಗಸ ಯಾವುದರಿಂದ ಮಾಡಿದ್ದು ಅಂತ ಒಮ್ಮೆ ಕೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಅವಳ ಅಪ್ಪ ಮದುವೆಯಲ್ಲಿ ಕೊಟ್ಟ ಹಲಸಿನ ಮಣೆ ಬಯಲೂರು ಆಂಡಿಪಟ್ಟಿಯ ನಮ್ಮ ಮನೆಯ ದೇವರ ಗೂಡಿನ ಕೆಳಗೆ ಗೋಡೆಗೊರಗಿ ನಿಂತಿತ್ತು. ಅವ್ವ ಅದನ್ನೇ ನೋಡುತ್ತ ಮಂಚದ ಮೇಲಿಂದ ಕೈಮುಗಿಯುತ್ತಿದ್ದಳು.

ನಮ್ಮ ಕಡೆಯ ಬಡಗಿಗಳಿಗೆಲ್ಲ ಈಗ ಪ್ಲೈವುಡ್ಡು, ಸ್ಕ್ರೂ, ಮಿಷಿನ್ನು. ಥತ್, ನಾನೇ ಮಾಡುತ್ತೇನೆ ಅಂತ ಅಪ್ಪನ ಕಾಲದ ಉಳಿ, ಗರಗಸ, ಪೆಟ್ಟು ಹಾಕುವ ಮರದ ಕೊಡತಿ ಹುಡುಕಿ ತೆಗೆದೆ. ಬೆಟ್ಟದ ಮೇಲಿನ ಬೋಡಿಮೆಟ್ಟಿನಲ್ಲಿ ಏಲಕ್ಕಿ ತೋಟ ಮಾಡಿಕೊಂಡಿರುವ ತಮ್ಮ ಫೋನಿನಲ್ಲೇ ನಕ್ಕ. "ಬೆರಳು ಎಣಿಸ್ಕಂಡು ಶುರು ಮಾಡು ಅಕ್ಕಾ!"

ಮರ ಮಾತ್ರ ಅವನೇ ಕೊಟ್ಟ. ಏಲಕ್ಕಿಗೆ ನೆರಳಾಗಿದ್ದ ಸಿಲ್ವರ್ ಓಕ್ ಗಾಳಿಗೆ ಬಿದ್ದಿತ್ತು. ಅದರ ಹಲಗೆ ಕೊಯ್ಯಿಸಿ ಶೆಡ್ಡಿನಲ್ಲಿಟ್ಟಿದ್ದ. ಮಳೆಗಾಲದಲ್ಲಿ ಅವ್ವನನ್ನು ಕರೆದುಕೊಂಡು ಅಲ್ಲೇ ಹೋಗಿ ಕೂತೆ. ಮೊದಲು ಚೂರುಪಾರು ಮರದಲ್ಲಿ ಕೈ ಪಳಗಿಸಿಕೊಂಡೆ. ಎರಡು ಪಟ್ಟಿಗಳನ್ನು ಅರ್ಧರ್ಧ ಕೊರೆದು ಒಂದರೊಳಗೊಂದು ಕೂರಿಸುವುದು ಬೇಗ ಬಂತು. ಹಲಗೆಯಲ್ಲಿ ಕಂಡಿ ಕೊರೆದು, ಕಾಲಿನ ತುದಿಯಲ್ಲಿ ಕೆತ್ತಿದ ನಾಲಿಗೆಯನ್ನು ಅದರೊಳಗೆ ತೂರಿಸುವುದು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಪೆನ್ಸಿಲ್ ಗೆರೆ ದಪ್ಪ, ಚಾಕುವಿನಿಂದ ಗೀರಬೇಕು. ಗರಗಸ ಗೆರೆಯ ಹೊರಗೆ ಓಡಬೇಕು. ಕಂಡಿಯನ್ನು ಮೇಲಿಂದ ಅರ್ಧ, ಕೆಳಗಿಂದ ಅರ್ಧ ಕೊರೆಯಬೇಕು, ಇಲ್ಲದಿದ್ದರೆ ಆಚೆ ಬದಿ ಚಕ್ಕೆ ಏಳುತ್ತದೆ. ಇದೆಲ್ಲ ಗೊತ್ತಾಗುವಷ್ಟರಲ್ಲಿ ಒಲೆಗೆ ಸಾಕಾಗುವಷ್ಟು ಸೌದೆ ಆಗಿತ್ತು. ಅವ್ವ ಕಂಬಳಿ ಹೊದ್ದು ಜಗಲಿಯಲ್ಲಿ ಕೂತು, "ಕಾಪಿಗೆ ನೀರು ಕಾಯ್ತು, ಇನ್ನೂ ವಸಿ ಕುಯ್ಯಿ" ಅನ್ನುತ್ತಿದ್ದಳು.

ಕೊನೆಗೂ ಸ್ಟೂಲು ನಿಂತಿತು. ಕಾಲುಗಳ ನಾಲಿಗೆ ಹಲಗೆಯನ್ನು ತೂರಿ ಮೇಲೆ ಕಾಣುತ್ತಿತ್ತು. ಗೋಂದನ್ನೂ ಹಾಕಿರಲಿಲ್ಲ, ಅದರಲ್ಲಿ ಏನೇನು ಬೆರೆಸಿರುತ್ತಾರೋ ಅಂತ ಅವ್ವನ ಅನುಮಾನ. ತಮ್ಮ ಅದರ ಮೇಲೆ ಹತ್ತಿ ಕುಣಿದ. "ಸೂಪರಾ ಇರ್ಕು ಅಕ್ಕಾ!" ಅಂತ ತಮಿಳಿನಲ್ಲಿ ಹೊಗಳಿದ. ಹಿಗ್ಗಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಂಡಿಪಟ್ಟಿಗೆ ತಂದೆವು. ಚಳಿಗಾಲವೆಲ್ಲ ಅವ್ವ ಅದರ ಮೇಲೆ ಕೂತು ಗಂಟೆ ಬಾರಿಸಿದಳು. ಬೇಸಿಗೆ ಬಂದದ್ದೇ ತಡ, ಒಂದು ಬೆಳಿಗ್ಗೆ ಸ್ಟೂಲು ಓಲಾಡಿ ಅವಳು ಗೋಡೆ ಹಿಡಿದುಕೊಂಡಳು, ಆರತಿ ತಟ್ಟೆ ಅಡುಗೆಮನೆ ತನಕ ಉರುಳಿತು. ಮಂಜಿನಲ್ಲಿ ನೆನೆದ ಮರ ನಮ್ಮೂರ ಬಿಸಿಲಿಗೆ ಸೊರಗಿ, ನಾಲಿಗೆಗಳೆಲ್ಲ ಕಂಡಿಯೊಳಗೆ ಲೊಡಲೊಡ ಅನ್ನುತ್ತಿದ್ದವು. ಬೆಟ್ಟದ ಮರ ಬಯಲಿಗೆ ಬಂದರೆ ಹೀಗಾಗುತ್ತದೆಂದು ಹೊಳೆಯದ ನನ್ನ ತಲೆಯನ್ನೇ ಕೊಡತಿಯಿಂದ ಕುಟ್ಟಿಕೊಳ್ಳಬೇಕಿತ್ತು. ಅವ್ವ ಮತ್ತೆ ಮಂಚ ಸೇರಿದಳು.

ಆ ವಾರ ತಮ್ಮ ಬಂದಿದ್ದ. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಸ್ಟೂಲಿಗೆ ಉದ್ದುದ್ದ ಆಣಿ ಹೊಡೆದಿದ್ದ. "ಈಗ ಆನೆ ಕುಂತ್ರೂ ಅಲ್ಲಾಡಲ್ಲ!" "ನಿನ್ ಕೈಗೆ ಸುತ್ತಿಗೆ ಕೊಟ್ಟೋರು ಯಾರೋ!" ಅಂತ ಕೂಗಿದೆ. ಅವ್ವ ಆಣಿಯ ತಲೆಗಳನ್ನು ನೋಡಿ, ಮಂಚದಿಂದಲೇ ಕೈಮುಗಿದು ಗೋಡೆ ಕಡೆ ತಿರುಗಿ ಮಲಗಿದಳು. ತಮ್ಮನ ಮುಖ ಸಪ್ಪಗಾಯಿತು. ಇಕ್ಕಳ ತಂದು ಒಂದೊಂದೇ ಆಣಿ ಕಿತ್ತ.

ಉಳಿದದ್ದು ಒಂದೇ ದಾರಿ: ನಾಲಿಗೆಯ ತುದಿ ಸೀಳಿ, ಅದರೊಳಗೆ ಬೆಣೆ ಹೊಡೆದು ಕಂಡಿ ತುಂಬುವಂತೆ ಅರಳಿಸುವುದು. ಆದರೆ ಬೆಣೆ ಮತ್ತೆ ಸೊರಗಬಾರದು, ವರ್ಷಗಟ್ಟಲೆ ಒಣಗಿದ ಮರವೇ ಬೇಕು. ಸೌದೆ ರಾಶಿ ಕೆದಕಿದೆವು. ಗೆದ್ದಲು ತಿಂದದ್ದೇ ಎಲ್ಲ.

"ಆ ಮಣೆ ಕುಯ್ಯಿ" ಅಂದಳು ಅವ್ವ, ಮಲಗಿದ್ದಲ್ಲಿಂದಲೇ.

"ಹುಚ್ಚಾ ಅವ್ವಾ? ತಾತ ಕೊಟ್ಟಿದ್ದು!"

"ಗ್ವಾಡೆಗೆ ಒರಗಿಸಕ್ಕಾ ಕೊಟ್ಟಿದ್ದು? ಅಡೀಲಿರೋ ಪಟ್ಟಿ ತಗಿ."

ಮಣೆಯ ಅಡಿಯ ಪಟ್ಟಿಗೂ ಆಣಿಯಿರಲಿಲ್ಲ, ಹಲಗೆಯಲ್ಲಿ ಕೊರೆದ ಜಾಡಿನಲ್ಲಿ ಸರಿಸಿ ಕೂರಿಸಿದ್ದರು. ಕೊಡತಿಯಿಂದ ತಟ್ಟಿದೆ, ಜಾರಿ ಕೈಗೆ ಬಂತು. ಚಾಕುವಿನಿಂದ ಗೆರೆ ಗೀರಿ, ಅದರಿಂದ ಸಣ್ಣ ಸಣ್ಣ ಬೆಣೆ ಕೊಯ್ದೆ. ಹೊರಗೆ ಕಪ್ಪಾಗಿದ್ದ ಹಲಸು ಒಳಗೆ ಇನ್ನೂ ಅರಿಶಿನದ ಹಾಗೆ ಹಳದಿಯಾಗಿತ್ತು. ಬೆಣೆಯ ಒತ್ತಡ ಹಲಗೆಯ ಎಳೆಯ ಉದ್ದಕ್ಕೆ ಬೀಳುವಂತೆ ಇಟ್ಟು ಹೊಡೆದೆ, ಅಡ್ಡಕ್ಕೆ ಬಿದ್ದರೆ ಹಲಗೆಯೇ ಸೀಳುತ್ತದೆ. ಬಿಗಿಯಾಗುತ್ತ ಬಂದಂತೆ ಪೆಟ್ಟಿನ ಸದ್ದು ಬದಲಾಯಿತು. ಹೊರಗುಳಿದದ್ದನ್ನು ಸವರಿ ಸಮ ಮಾಡಿದೆ.

ಅವ್ವ ಬಂದು ಕೂತಳು. ಸ್ಟೂಲು ಅಲ್ಲಾಡಲಿಲ್ಲ. ಆದರೂ ತಮ್ಮ ನೆಲದಲ್ಲಿ ಕೂತು ಅದರ ಕಾಲು ಹಿಡಿದುಕೊಂಡೇ ಇದ್ದ. ಪೂಜೆ ಮುಗಿಸಿ ಅವಳು ಹಲಗೆಯ ಅಂಚಿನಲ್ಲಿ ಕಾಣುತ್ತಿದ್ದ ಬೆಣೆಯ ಹಳದಿ ಗೆರೆಯನ್ನು ಬೆರಳಲ್ಲಿ ಸವರಿದಳು.

"ನಮ್ಮಪ್ಪನ ಮಣೆ ವಸಿ ಎತ್ರ ಆಗೈತೆ, ಅಷ್ಟೇ" ಅಂದಳು. "ಬಿಡ್ಲಾ ಕಾಲ್ನ. ಆರತಿ ತಕ್ಕ."