ಬೇಲಿಯಾಚೆಯ ತಲೋಫಾ

ನನ್ನ ಮೊಮ್ಮಗಳು ಮಾತಾಡಿದಳು! ಮೂರೂವರೆ ವರ್ಷವಾದರೂ ಒಂದು ಮಾತೂ ಆಡದ ಕೂಸು, ಅಮೆರಿಕದ ಕ್ಯಾಂಟನ್ನಿನ ಮನೆಯ ಹಿತ್ತಲಲ್ಲಿ ನಿಂತು, ಬೇಲಿಯಾಚೆಯ ಅಜ್ಜಿಗೆ "ತಲೋಫಾ" ಎಂದಳು. ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಯಾವುದಾದರೇನು! ಮಗಳಿಗೆ ಫೋನ್ ಮಾಡಲು ಒಳಗೆ ಓಡಿದೆ.

ನಾನು ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದೆ. ಮಗುವಿನ ಕಿವಿ ಸರಿಯಿದೆ, ಕಾಯೋಣ ಎಂದು ಡಾಕ್ಟರು ಹೇಳಿದ್ದರು. ಆದರೆ ಯಾವುದೋ ಪಾರ್ಟಿಯಲ್ಲಿ ಒಬ್ಬ ಆಂಟಿ, ಎರಡು ಭಾಷೆ ಕಿವಿಗೆ ಬಿದ್ದರೆ ಮಕ್ಕಳು ಮಾತೇ ಕಲಿಯುವುದಿಲ್ಲ ಎಂದುಬಿಟ್ಟರಂತೆ. ಅಂದಿನಿಂದ ಮಗಳದು ಒಂದೇ ವರಾತ.

"ಅವ್ವ, ಅಕಿ ಮುಂದ ಕನ್ನಡ ಮಾತಾಡಬ್ಯಾಡ. ಇಂಗ್ಲಿಷ್ ಅಷ್ಟ ಕೇಳ್ಲಿ."

"ಎರಡನೇತ್ತಕ್ಕ ಸಾಲಿ ಬಿಟ್ಟಾಕಿ ನಾ. ಇಂಗ್ಲಿಷ್ ಎಲ್ಲಿಂದ ತರ್ಲಿ?"

"ಹಂಗಾರ ಸುಮ್ನಿರು."

ಸುಮ್ಮನಿದ್ದೆ. ರೊಟ್ಟಿ ಬಡಿಯುವಾಗ ಹಾಡು ಬಾಯಿಗೆ ಬಂದರೆ ನುಂಗಿಕೊಂಡೆ. ಮಗುವಿಗೆ ಸನ್ನೆಯಲ್ಲೇ ಉಣಿಸಿದೆ.

ನನ್ನ ಬಾಯಿ ಬಿಚ್ಚುತ್ತಿದ್ದದ್ದು ಬೇಲಿಯ ಹತ್ತಿರ ಮಾತ್ರ. ಆಚೆ ಮನೆಯ ಅಜ್ಜಿ ಸಮೋವಾ ದ್ವೀಪದವಳು. ಗ್ಲೋಬಿನಲ್ಲಿ ಅಳಿಯಂದಿರು ತೋರಿಸಿದಾಗ ನೀಲಿ ನೀರಿನಲ್ಲಿ ಎಳ್ಳಿನಷ್ಟು ಕಂಡಿತ್ತು. ಬೆಳಿಗ್ಗೆ ಅವಳು "ತಲೋಫಾ" ಎಂದರೆ ನಮಸ್ಕಾರ. ಮಧ್ಯಾಹ್ನ "ಸೌ ಎ ಐ" ಎಂದರೆ ಬಾ, ಉಣ್ಣು. ಅವರ ಊರಲ್ಲಿ ದಾರಿಯಲ್ಲಿ ಹೋಗುವವರನ್ನೂ ಹಾಗೇ ಕರೆಯುತ್ತಾರೆ ಎಂದು ಅವಳ ಮಗ ನಮ್ಮ ಅಳಿಯಂದಿರಿಗೆ ಹೇಳಿದ್ದನಂತೆ. ನಾನು "ಊಟ ಆತೇನ್ರಿ?" ಎನ್ನುತ್ತಿದ್ದೆ. ಇಬ್ಬರ ಕೈಯೂ ಬಾಯಿಯ ಕಡೆ ಹೋಗುತ್ತಿತ್ತು, ಇನ್ನೇನು ತಿಳಿಯಬೇಕು? ದಿನಾ ನಕ್ಕು ನಕ್ಕು ಹತ್ತು ಸಲ ಹೇಳಿಕೊಳ್ಳುತ್ತಿದ್ದೆವು. ಮೊಮ್ಮಗಳು ನನ್ನ ಸೆರಗು ಹಿಡಿದು ನೋಡುತ್ತಿದ್ದಳು.

ಆ ದಿನ ಸುದ್ದಿ ಕೇಳಿ ಮಗಳು ಆಫೀಸಿನಿಂದ ಓಡಿಬಂದಳು. ಅತ್ತಳು, ನಕ್ಕಳು, ನನ್ನ ಕೈ ಹಿಡಿದಳು.

"ಅವ್ವ, ಇನ್ನ ನೀ ಏನ್ ಬೇಕಾದ್ದು ಮಾತಾಡು."

"ತಡೀ ಯವ್ವಾ, ಬಾಯಿ ಜಂಗ್ ಹಿಡದೈತಿ."

ಸಂಜೆ ರೊಟ್ಟಿ, ಎಣ್ಣೆಗಾಯಿ ಮಾಡಿದೆ. ಅಳಿಯಂದಿರೂ ಬೇಗ ಬಂದರು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದು ನನ್ನ ರೂಢಿ. ಒಲೆಯ ಹತ್ತಿರವೇ ನಿಂತಿದ್ದೆ. ಮೊಮ್ಮಗಳು ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿ, ನನ್ನನ್ನೇ ನೋಡಿ, "ಸೌ ಎ ಐ" ಎಂದಳು.

ಒಲೆ ಆರಿಸಿದೆ. ಅವರೆಲ್ಲರ ಜೊತೆ ಕೂತು ಉಂಡೆ.