ಕೊರಿಯಾದ ಮಾರಿ ನಮ್ಮ ಸಂತೆಗೆ ಬಂದದ್ದು

ಮೊಳಕಾಲ್ಮೂರು ಪೇಟೆಯ ಜಗಲಿಗಳನ್ನು ಆಳುವ ಸಮಸ್ತ ಸೋಮಾರಿ ಚಕ್ರವರ್ತಿಗಳ ಪಾದಾರವಿಂದಗಳಿಗೆ ಸಾಷ್ಟಾಂಗ ಪ್ರಣಾಮಗಳು. ಗೆಳೆಯರೇ, ಇವತ್ತು ಸಂತೆಯಲ್ಲಿ ಒಬ್ಬನ ಜೀವ ಹೋಗುವುದರಲ್ಲಿತ್ತು.

ಚಳ್ಳಕೆರೆ ಕಡೆಯಿಂದ ಚಿತ್ರದ ಪೆಟ್ಟಿಗೆ ಹೊತ್ತು ಬಂದ ಸಿದ್ದಪ್ಪ ಕೂಗುತ್ತಿದ್ದ: "ಬರ್ರಿ, ಕೊರಿಯಾ ದೇಶ ತಿರುಗಾಡಿ ಬರ್ರಿ! ವಸಂತ ಬಂದೈತೆ, ಗುಡ್ಡದ ತುಂಬ ಹೂವು, ರಾಜನ ಅರಮನೆ!" ನೇಕಾರರ ಗಂಗಜ್ಜಿ ಕಿಂಡಿಗೆ ಕಣ್ಣಿಟ್ಟಳು. ಹೂವು ಕಂಡು ನಕ್ಕಳು, ಅರಮನೆಗೆ ಕೈ ಮುಗಿದಳು, ಮೂರನೆಯ ಚಿತ್ರಕ್ಕೆ ಚೀರಿದಳು. ಆ ದೇಶದ ಊರಬಾಗಿಲಲ್ಲಿ ನೆಟ್ಟ ಮರದ ಕಂಬವದು. ಅದರಲ್ಲಿ ಕೆತ್ತಿದ ಮುಖಕ್ಕೆ ಗುಡ್ಡೆಗಣ್ಣು, ಕೋರೆಹಲ್ಲು.

"ಅದು ಅವರ ಊರ ಮಾರಿ. ರೋಗ ಬಂದಾಗ ಹೊತ್ತು ತಂದು ಬೇರೆಯವರ ಗಡೀಲಿ ಬಿಡ್ತಾರೆ" ಎಂದು ಹಿಂದಿನಿಂದ ಯಾರೋ ಹೇಳಿದರು.

ನಾವೂ ಹಾಗೆ ಮಾಡುವವರೇ ಅಲ್ಲವೇ? ಪಕ್ಕದ ಊರಿನಲ್ಲಿ ಪ್ಲೇಗು ಬೇರೆ. ಜನರ ಕೈಗೆ ಕಲ್ಲು ಬಂದವು.

"ಕಾಗದದ ಚಿತ್ರ ಕಣ್ರವ್ವಾ!" ಎಂದು ಸಿದ್ದಪ್ಪ ಪೆಟ್ಟಿಗೆಯನ್ನು ಅಪ್ಪಿಕೊಂಡ.

ಗಂಗಜ್ಜಿ ಅಡ್ಡ ಬಂದಳು. "ಹೊಡೀಬ್ಯಾಡ್ರಲೇ! ಇವನು ಇಲ್ಲೇ ಬಿದ್ರೆ ಮಾರೀನೂ ಇಲ್ಲೇ ಉಳೀತಾಳೆ. ಸಿದ್ದಪ್ಪಾ, ತಂದೋನು ನೀನೇ ಹೊತ್ಕೊಂಡು ಹೋಗು. ತಿರುಗಿ ನೋಡೀಯ, ಹುಷಾರ್!"

ಬೇವಿನ ಸೊಪ್ಪು ಕಟ್ಟಿದ ಪೆಟ್ಟಿಗೆ ಹೊತ್ತು ಅವನು ಗಡಿಯವರೆಗೂ ಓಡಿದ. ಹಿಂದೆ ತಮಟೆ ಬಡಿಯುತ್ತಿತ್ತು.

ಹಿಂದಿನಿಂದ ಹೇಳಿದವನು ನಾನೇ, ಮಹಾಪ್ರಭುಗಳೇ. ಅದು ಶುದ್ಧ ಸುಳ್ಳು. ಆದರೂ ಸಂತೆಯಿಂದ ಬಂದಾಗಿನಿಂದ ಪ್ಲೇಗಿನ ಗಡ್ಡೆ ಎದ್ದಿದೆಯೋ ಎಂದು ಎಂಟು ಸಲ ಕಂಕುಳು ಮುಟ್ಟಿ ನೋಡಿಕೊಂಡಿದ್ದೇನೆ.